ಅಕ್ಕನ ಹಾಜರಿ

ಅರ್ಥಶಾಸ್ತ್ರದ ತರಗತಿಯಲ್ಲಿ ಗೊರಕೆ ಹೊಡೆದವನು ನಾನೇ. ನಾನು ವಿದ್ಯಾರ್ಥಿಯಲ್ಲ, ವಿದ್ಯಾರ್ಥಿನಿಯ ತಮ್ಮ. ಹೊರಗೆ ಬಿಸಿಲು, ಒಳಗೆ ಫ್ಯಾನು ಅಂತ ಹಿಂದಿನ ಬೆಂಚಿನಲ್ಲಿ ಅಕ್ಕನ ಪಕ್ಕ ಕೂತಿದ್ದೆ, ಅಷ್ಟೇ.

ಅಕ್ಕ ಟೈಲರ್. ಮಗಳ ಮದುವೆ ಮುಗಿಸಿ, ಐವತ್ತು ದಾಟಿದ ಮೇಲೆ ಡಿಗ್ರಿಗೆ ಸೇರಿದ್ದಾಳೆ. ಕಾಲೇಜಿನ ಭಾಷೆ ಅವಳಿಗೆ ಬೇಗ ಹಿಡಿಸಿತು. ಫೇಲಾಗಿ ಉಳಿದ ವಿಷಯಕ್ಕೆ ಬ್ಯಾಕ್‌ಲಾಗ್ ಎನ್ನುತ್ತಾರೆಂದು ತಿಳಿದಾಗ, "ಓ, ಬಿಚ್ಚಿ ಹೊಲಿಯೋದಾ?" ಎಂದಿದ್ದಳು. ಕಾಡುತ್ತಿದ್ದುದು ಹಾಜರಿ ಮಾತ್ರ. ಶೇಕಡಾ ಎಪ್ಪತ್ತೈದು ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಗಿರಾಕಿಗಳ ಕಾಟದಲ್ಲಿ ಅವಳದು ಅಂಚಿಗೆ ಬಂದು ನಿಂತಿತ್ತು; ಇವತ್ತಿನ ಕ್ಲಾಸು ತಪ್ಪಿದರೆ ಸೆಮಿಸ್ಟರೇ ಹೋದಂತೆ. ಹಾಜರಿ ಕರೆಯುವುದೋ, ಪಾಠ ಮುಗಿದ ಮೇಲೆ.

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು.

"ಯಾರ್ರೀ ನೀವು? ಎದ್ದು ಹೊರಗೆ ನಡೀರಿ. ನಿಮ್ಮನ್ನ ಕರ್ಕೊಂಡು ಬಂದೋರೂ ಜೊತೆಗೇ ಹೋಗ್ಲಿ!"

ನಾನು ಬಾಯಿ ಒರೆಸಿಕೊಂಡು ಅಕ್ಕನತ್ತ ದೈನ್ಯದಿಂದ ನೋಡಿದೆ. ಅವಳು ನೋಟ್ಸು ಬರೆಯುತ್ತಲೇ ಇದ್ದಳು.

ಮೇಷ್ಟ್ರಿಗೆ ಅನುಮಾನ ಬಂತು. "ಏನಮ್ಮಾ, ಇವರು ನಿಮಗೆ ಏನಾಗ್ಬೇಕು?"

ಅಕ್ಕ ತಲೆಯೆತ್ತಿ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಗೊತ್ತಿಲ್ಲ ಸರ್. ಬಸ್ಸಲ್ಲೂ ಹೀಗೇ ಪಕ್ಕದಲ್ಲಿ ಬಂದು ಕೂತಿದ್ರು."