ಒಂದೇ ಆಸನದ ವಿಮಾನ

ಊರಾಚೆಯ ಕಿರು ವಿಮಾನನೆಲೆಯಲ್ಲಿ ಅವಳನ್ನು ಎಲ್ಲರೂ ರೆಕ್ಕೆಯಕ್ಕ ಎಂದೇ ಕರೆಯುತ್ತಿದ್ದರು. ಪರದೆ, ಸಮವಸ್ತ್ರಗಳನ್ನು ಹೊಲಿದು ತಮ್ಮನನ್ನು ಬೆಳೆಸಿದವಳು. ಲೇತ್ ಕೆಲಸಗಾರನಾದ ಆ ತಮ್ಮ ಸಾಹಸ ಹಾರಾಟಕ್ಕೆಂದು ಕೈಯಾರೆ ಪುಟ್ಟ ವಿಮಾನವೊಂದನ್ನು ಕಟ್ಟತೊಡಗಿದಾಗ, ರೆಕ್ಕೆಗಳಿಗೆ ಬಟ್ಟೆ ತೊಡಿಸುವ ಕೆಲಸ ತಾನಾಗಿಯೇ ಅವಳ ಪಾಲಿಗೆ ಬಂತು. ಹೊಲಿಗೆಯಂತ್ರವನ್ನು ಗೋಡೆಗೆ ಸರಿಸಿ, ಮುಂಗೋಣೆಯ ಮೇಜುಗಳ ಮೇಲೆ ರೆಕ್ಕೆಯನ್ನು ಮಲಗಿಸಿ, ಮೊಳದುದ್ದದ ಸೂಜಿಯನ್ನು ಈ ಬದಿಯಿಂದ ಚುಚ್ಚಿ ಆ ಬದಿಯಲ್ಲಿ ಎಳೆದು, ಮರದ ಪಕ್ಕೆಲುಬುಗಳಿಗೆ ಬಟ್ಟೆಯನ್ನು ಗಂಟುಹಾಕಿ ಬಿಗಿದಳು.

"ಇಷ್ಟು ಮೋಟು ರೆಕ್ಕೇನಾ? ಒಂದು ಲಂಗದ ಬಟ್ಟೇಲೇ ಮುಗಿಯುತ್ತಲ್ಲೋ!"

"ಮೋಟಾಗಿರೋದಕ್ಕೇ ಅಕ್ಕಾ, ಇದು ಆಕಾಶದಲ್ಲಿ ಜೋರಾಗಿ ಮಗ್ಗುಲಿಗೆ ಉರುಳೋದು. ಸೆಕೆಂಡಿಗೆ ಒಂದು ಪೂರ್ತಿ ಸುತ್ತು. ದೊಡ್ಡ ವಿಮಾನ ಮಗ್ಗುಲು ಬದಲಿಸೋದ್ರೊಳಗೆ ಇದು ಎದ್ದು ಮುಖ ತೊಳೆದಿರುತ್ತೆ."

"ಉರುಳೋವಾಗ ಒಳಗೆ ಕೂತೋರಿಗೆ ಹೇಗನ್ಸುತ್ತೆ?"

"ಹೇಳಿದ್ನಲ್ಲ, ಸೆಕೆಂಡಿಗೆ ಒಂದು ಸುತ್ತು."

ಅವಳು ಕೇಳಿದ್ದು ಅದನ್ನಲ್ಲ. ಹಾರಾಟ ಕಲಿಯಲು ಅವಳೂ ಒಮ್ಮೆ ಅರ್ಜಿ ಹಾಕಿದ್ದಳು. ಕಿವಿಯ ದೋಷದಿಂದ ಆಗಾಗ ತಲೆಸುತ್ತು ಬರುತ್ತದೆಂದು ವೈದ್ಯರು ಒಪ್ಪಿರಲಿಲ್ಲ. "ನೆಲದ ಮೇಲೇ ತಲೆ ತಿರುಗೋರಿಗೆ ಆಕಾಶ ಯಾಕಕ್ಕಾ?" ಎಂದು ತಮ್ಮ ನಕ್ಕಿದ್ದ, ಅವಳೂ ನಕ್ಕಿದ್ದಳು. ಜೊತೆಗೆ ಕೂತು ಹೋಗೋಣವೆಂದರೆ ಈ ವಿಮಾನಕ್ಕಿದ್ದುದು ಒಂದೇ ಆಸನ.

ಆ ಆಸನದಲ್ಲಿ ಅವಳು ಕೂತದ್ದು ಚಾಲಕನ ಸಮೇತ ವಿಮಾನವನ್ನು ತೂಗುವ ದಿನ. ಚಕ್ರಗಳಡಿಯ ತಕ್ಕಡಿಗಳನ್ನು ತಮ್ಮನೇ ಓದಬೇಕಿದ್ದರಿಂದ, ಚಾಲಕನ ಜಾಗದಲ್ಲಿ ಅವಳನ್ನು ಕೂರಿಸಿ, ಕಡಿಮೆ ಬಿದ್ದ ತೂಕಕ್ಕೆ ಮಡಿಲಲ್ಲಿ ಮರಳಿನ ಚೀಲವಿಟ್ಟ. ಬಲಗೈಗೆ ನಿಯಂತ್ರಣದ ಕೋಲು ಸಿಕ್ಕಿತು. ಮೆಲ್ಲನೆ ಬಲಕ್ಕೆ ವಾಲಿಸಿದಳು. ಅವಳೇ ಬಟ್ಟೆ ತೊಡಿಸಿದ ಬಲರೆಕ್ಕೆಯ ಅಂಚಿನ ಪಟ್ಟಿ ಕಿವಿ ನಿಮಿರಿಸಿದಂತೆ ಮೇಲೆದ್ದಿತು.

"ಅಲ್ಲಾಡ್ಬೇಡಕ್ಕಾ, ಮುಳ್ಳು ನಿಲ್ತಿಲ್ಲ!"

"ಮೂಟೆ ಎಲ್ಲಾದ್ರೂ ಅಲ್ಲಾಡುತ್ತೇನೋ?"

ತೂಕ ಮುಗಿದ ಮೇಲೂ, ಕಾಲು ಜೋಮು ಹಿಡಿದಿದೆ ಎಂದು ಸುಳ್ಳು ಹೇಳಿ ಇನ್ನಷ್ಟು ಹೊತ್ತು ಕೂತಿದ್ದಳು.

ಮೊದಲ ಹಾರಾಟಗಳೆಲ್ಲ ಸುಸೂತ್ರವಾಗಿ ಮುಗಿದವು. ಆಮೇಲೆ ಉರುಳುವ ವೇಗ ಅಳೆಯುವ ದಿನ ಬಂತು. ತಮ್ಮನು ವಿಮಾನನೆಲೆಯ ಮೇಲೆ ಸಾಲಾಗಿ ಮೂರು ಸುತ್ತು ಉರುಳುವುದು, ಅವಳು ಕೆಳಗಿನಿಂದ ಸ್ಟಾಪ್‌ವಾಚ್ ಒತ್ತಿ ಸಮಯ ಹಿಡಿಯುವುದು ಎಂದು ಮಾತಾಗಿತ್ತು.

ವಿಮಾನ ಬಂತು. ಮೂಗು ತುಸು ಎತ್ತಿ, ಬಲಕ್ಕೆ ವಾಲಿ, ಬಟ್ಟೆಯ ಬಿಳುಪು, ಹೊಟ್ಟೆಯ ಕೆಂಪು, ಮತ್ತೆ ಬಿಳುಪು, ಕೆಂಪು... ನೋಡನೋಡುತ್ತಿದ್ದಂತೆ ನೆಟ್ಟಗಾಗಿ ಹೊರಟೇಹೋಯಿತು.

ಪಕ್ಕದಲ್ಲಿದ್ದ ಮೆಕ್ಯಾನಿಕ್ ಗೊಳ್ಳೆಂದು ನಕ್ಕ. "ರೆಕ್ಕೆಯಕ್ಕ, ನೀವು ಇಲ್ಲೇ ಉರುಳ್ತೀರೇನೋ ಅಂದ್ಕೊಂಡೆ!"

ಅವಳು ನೋಡಿಕೊಂಡಳು. ಮೈ ಬಲಕ್ಕೆ ವಾಲಿತ್ತು. ಗಡಿಯಾರ ಹುಲ್ಲಿನಲ್ಲಿ ಬಿದ್ದಿತ್ತು. ಬಲಗೈ ಹೊಟ್ಟೆಯ ಮುಂದೆ, ಇಲ್ಲದ ಕೋಲನ್ನು ಬಿಗಿಯಾಗಿ ಹಿಡಿದಿತ್ತು.

ಇಳಿದು ಬಂದ ತಮ್ಮ ಕೇಳಿದ: "ಎಷ್ಟು ಬಂತು?"

ಹುಲ್ಲಿನಿಂದ ಎತ್ತಿಕೊಂಡಿದ್ದ, ಸೊನ್ನೆ ತೋರಿಸುತ್ತಿದ್ದ ಗಡಿಯಾರವನ್ನು ಅವಳು ಎಡಗೈಯಿಂದ ಅವನಿಗೆ ಕೊಟ್ಟಳು.

"ಒತ್ತೋದನ್ನೇ ಮರೆತ್ಯಾ? ಕೈ ಏನ್ಮಾಡ್ತಿತ್ತು?"

ಅವಳು ಬಲಗೈಯನ್ನು ಜೇಬಿಗೆ ತುರುಕಿದಳು. ಬಾಯಿ ತೆರೆಯಹೊರಟ ಮೆಕ್ಯಾನಿಕ್ ಅವಳ ಮುಖ ನೋಡಿ ಚಕ್ರ ಪರೀಕ್ಷಿಸಲು ಬಗ್ಗಿದ. ತಮ್ಮ ಆ ಜೇಬನ್ನೇ ನೋಡುತ್ತ ನಿಂತ; ಒಳಗೆ ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ. ಶಿರಸ್ತ್ರಾಣವನ್ನು ಮತ್ತೆ ತಲೆಗೇರಿಸಿ, ಗಡಿಯಾರವನ್ನು ಅವಳ ಇನ್ನೊಂದು ಅಂಗೈಗಿಟ್ಟ.

"ಈ ಸಲ ಎಡಗೈಲಿ ಒತ್ತಕ್ಕಾ," ಎಂದ. "ಬಲಗೈ ಅದರ ಪಾಡಿಗಿರ್ಲಿ."