ಚಾಚಿ ಹೊಲಿದ ರದ್ದಾದ ನೋಟು

ಮೊನ್ನೆ ಟ್ರಂಕಿನ ತಳದಾಗ ಕೈ ಹಾಕಿದ್ದೆ, ಲವಂಗದ ವಾಸನಿ ಬಂತು. ಅಂಗೈಯಷ್ಟು ಅರಿವಿ ಚೀಲ, ಕೊರಳಿಗೆ ಹಾಕ್ಕೊಳ್ಳಾಕ ಲಾಡಿ. ಹೊಲಿಗಿ ಚಾಚಿ ಕಣ್ಣ ಮುಂದ ಬಂದು ಕುಂತಂಗಾತು.

ಊರು ಬಿಟ್ಟು ದುಡಿಯಾಕ ಬಂದು ನೆಲಿಸಿದ್ದ ಝುವಾರಿನಗರದಾಗ ನಮ್ಮ ಬಾಜೂ ಖೋಲಿ ಆಕಿದು. ಓಣ್ಯಾಗಿನವರು ಯಾರ ಕೊಲ್ಲಿ ದೇಶಕ್ಕ ದುಡಿಯಾಕ ಹೊಂಟ್ರೂ ಇಂಥಾ ಚೀಲ ಪುಕ್ಕಟೆ. ಅಸ್ತರದೊಳಗ ನಾಕು ಲವಂಗ, ಒಂದು ರದ್ದಾದ ಐದನೂರರ ನೋಟು ಇಟ್ಟು ಹೊಲಿತಿದ್ಲು. ವಾಪಸ್ ಬಂದ ಮ್ಯಾಲೆ ಚೀಲ ತಂದು ಆಕಿಗೆ ತೋರಸಬೇಕು, ಅದ ಕೂಲಿ.

ಆ ನೋಟಿನ ಕತಿ ಇಷ್ಟ. ಚಾಚಿ ಮಸ್ಕತ್‌ನಾಗ ಮನಿಗೆಲಸಕ್ಕಿದ್ಲು. ಊರಿಗೆ ಬರೂ ಮುಂದ ಬಜಾರದಾಗ ಒಬ್ಬಾವ ನಮ್ಮ ಭಾಷಾದಾಗ ‘ಅಕ್ಕಾರ’ ಅಂದನಂತ. ಎರಡು ವರ್ಷ ಕಿವಿಗೆ ಬೀಳದ ಮಾತು... ಕರಗಿಬಿಟ್ಲು. ದುಡಿದದ್ದೆಲ್ಲಾ ಅವನ ಕೈಯಾಗಿಟ್ಟು ಹಳೇ ನೋಟಿನ ಕಟ್ಟು ತಂದ್ಲು. ಇಲ್ಲಿ ಅವು ರದ್ದಾದದ್ದು ಆಕಿಗೇನು ಗೊತ್ತು! ನಾನಾಗಿದ್ರ ಸುಟ್ಟು ಬೂದಿ ಮಾಡ್ತಿದ್ದೆ.

ನಾನೂ ಮಸ್ಕತ್‌ಗೆ ಅಡಗಿ ಕೆಲಸಕ್ಕ ಹೊಂಟಾಗ ದಾರ ಹಲ್ಲಿಲೆ ಕಡಿಯುತ್ತ ಅಂದ್ಲು: "ತಂಗಿ, ತಾನಾಗಿ ಮೈಮ್ಯಾಲೆ ಬರಾವನ ಕೂಡ ರೊಕ್ಕ ಬದಲಿಸಬ್ಯಾಡ. ನಮ್ಮ ಮಾತು ಆಡಿದ್ರಂತೂ ಇನ್ನಷ್ಟು ಹುಷಾರು."

"ನಾನೇನು ಕೂಸೇನ್ರಿ ಚಾಚಿ?" ಅಂತ ನಕ್ಕಿದ್ದೆ.

ಕೂಸ ಆಗಿದ್ದೆ, ಖರೇನ. ಮರಳೂ ಹೊತ್ತಿಗೆ ಮಗಳ ನರ್ಸಿಂಗ್ ಫೀ ಕಟ್ಟೂ ರೊಕ್ಕೆಲ್ಲಾ ಆ ಚೀಲದಾಗಿತ್ತು. ರೊಕ್ಕ ಬದಲಿಸೂ ಅಂಗಡಿ ಮುಂದ ಒಬ್ಬಾವ, "ಇಂಡಿ ಕಡಿಯವರೇನ್ರಿ ಅಕ್ಕಾರ? ಒಳಗ ಭಾಳ ಕಡಿಮಿ ಕೊಡ್ತಾರ, ನಾ ಹೆಚ್ಚಿಗಿ ಕೊಡ್ತೇನಿ" ಅಂದ. ನಮ್ಮ ಇಂಡಿ ಊರ ಕಡಿ ಮಾತು ಕೇಳಿ ಕಣ್ಣಾಗ ನೀರ ಬಂತು. ಚೀಲಕ್ಕ ಕೈ ಹಚ್ಚಿದೆ. ಅಸ್ತರದೊಳಗ ನೋಟು ಗರಗರ ಅಂತು.

"ನಡೀರಿ ಅಣ್ಣಾರ, ಅಂಗಡ್ಯಾಗ ರಸೀದಿ ಮಾಡಿಸಿ ಕೊಡ್ರಿ" ಅಂದೆ. ಮಾರಿ ಹುಳ್ಳಗ ಮಾಡ್ಕೊಂಡು ಗದ್ದಲದಾಗ ಮಾಯ ಆದ, ಭಾಡ್ಯಾ! ಕೌಂಟರಿನಾಗ ಬದಲಿಸಿ, ಅಲ್ಲೇ ನಿಂತು ಎರಡು ಸಲ ಎಣಿಸಿದೆ.

ವಾಪಸ್ ಬಂದಾಕಿ ಚೀಲ ತೋರಸಾಕ ಮೊದಲು ಓಡಿದ್ದು ಚಾಚಿ ಮನಿಗೆ. ಬಾಗಿಲಿಗೆ ಬೀಗ. ತಿಂಗಳ ಹಿಂದ ತೀರಿಕೊಂಡಿದ್ಲು... ಚೀಲ ಹಿಡಕೊಂಡು ಅಲ್ಲೇ ಮೆಟ್ಟಲ ಮ್ಯಾಲೆ ಕುಂತು ಮನಸಾರೆ ಅತ್ತೆ.

ಈಗ ಮಗಳು ನರ್ಸಾಗಿ ದೋಹಾಕ್ಕ ಹೊಂಟಾಳ. ಲಾಡಿ ಹರಿದಿತ್ತು, ಹೊಸಾದು ಹಚ್ಚಿದೆ. ಹೊಲಿಗಿ ಸೊಟ್ಟ ಬಿದ್ದೈತಿ. ಚಾಚಿ ಇದ್ದಿದ್ರ ಬೈದು ಬಿಚ್ಚಸ್ತಿದ್ಲು. ಲವಂಗ ಹೊಸಾವು, ನೋಟು ಅದ ಹಳೇದು.

"ಬಂದ ಮ್ಯಾಲೆ ಇದನ್ನ ತೋರಸಬೇಕು" ಅಂದೆ.

"ಯಾರಿಗಬೇ? ಚಾಚಿ ಇಲ್ಲಲ್ಲ" ಅಂದ್ಲು.

"ನನಗ ತೋರಸು" ಅಂದೆ.