ಮೂವತ್ತೆಂಟು ತಾಯಿಮರಗಳ ಫೋಟೊ

ಕಿಬ್ಬನಹಳ್ಳಿ ಕ್ರಾಸಿನಿಂದ ಎರಡು ಮೈಲಿ ಒಳಗೆ ಶಂಭುಲಿಂಗಯ್ಯನವರ ತೆಂಗಿನ ನರ್ಸರಿ. ನಿರ್ಮಲಾ ಅಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಳು. ವಯಸ್ಸು ನಲವತ್ತಾರು, ಓದಿದ್ದು ಸಸ್ಯಶಾಸ್ತ್ರ, ಮಾತು ಕಡಿಮೆ. ನರ್ಸರಿಗೆ ಬಿತ್ತನೆ ಕಾಯಿ ಕೊಡುವ ಮೂವತ್ತೆಂಟು ತಾಯಿಮರಗಳು ಸುತ್ತಲಿನ ತೋಟಗಳಲ್ಲಿ ಚದುರಿದ್ದವು. ಮೂರು ತಿಂಗಳಿಗೊಮ್ಮೆ ತೋಟ ಸುತ್ತಿ ಪ್ರತಿ ಮರದ ಫೋಟೊ ತೆಗೆಯುವುದು ಅವಳ ಕೆಲಸಗಳಲ್ಲೊಂದು.

ಮರಗಳಿಗೆ ನಂಬರು ಹಾಕಿ ಎಂದು ಬೆಳೆಗಾರರ ಒಕ್ಕೂಟದವರು ಮೊದಲೇ ಹೇಳಿದ್ದರು. ಹಾಕಿಯೂ ನೋಡಿದಳು. ಕಾಯಿ ಕೀಳುವ ಸಣ್ಣತಿಮ್ಮಯ್ಯ ಹದಿನೇಳನೆಯ ಮರ ಎಂದರೆ ಇಪ್ಪತ್ತೊಂದನೆಯದನ್ನು ಹತ್ತಿ ಕೂತಿರುತ್ತಿದ್ದ. ಬಾವಿ ಮರ ಎಂದರೆ ನೆಟ್ಟಗೆ ಹೋಗುತ್ತಿದ್ದ. ಹಾಗಾಗಿ ಹೆಸರುಗಳೇ ನಿಂತವು: ಬಾವಿ ಮರ, ಸೊಟ್ಟ ಮರ, ಅತ್ತೆ ಮರ. ಕಂಪ್ಯೂಟರಿನಲ್ಲಿ ಫೋಟೊಗಳಿಗೂ ಅವೇ ಹೆಸರು, ಪಕ್ಕದಲ್ಲಿ ತಾರೀಖು.

ಈ ವರ್ಷ ಒಕ್ಕೂಟ ಹೊಸ ನಿಯಮ ಮಾಡಿತು. ಪ್ರತಿ ಮರಕ್ಕೂ ಬೇರೆ ಫೋಲ್ಡರ್ ಇರಬೇಕು, ಅದರಲ್ಲಿ ನಾಲ್ಕು ವರ್ಷದ ಫೋಟೊ ಇರಬೇಕು, ವರ್ಷಕ್ಕೆ ಎರಡಾದರೂ ಸರಿ. ಇಲ್ಲದಿದ್ದರೆ ಆ ಮರದ ಕಾಯಿಯನ್ನು ಬಿತ್ತನೆಗೆ ಇಡುವಂತಿಲ್ಲ. ಗುರುವಾರ ತಪಾಸಣೆ. ಕಾಯಿಗಳು ಆಗಲೇ ಶೆಡ್ಡಿನಲ್ಲಿ ಮರದ ಪ್ರಕಾರ ರಾಶಿ ಬಿದ್ದಿದ್ದವು. ನಾಲ್ಕು ವರ್ಷದಿಂದ ತೆಗೆದ ಫೋಟೊಗಳು ಮಾತ್ರ ಆರುನೂರ ಎಂಟೂ ಒಂದೇ ಗುಡ್ಡೆಯಾಗಿದ್ದವು.

ಕೈಯಲ್ಲಿ ಒಂದೊಂದೇ ಸಾಗಿಸುವ ಬದಲು ನಿರ್ಮಲಾ ಶೆಲ್ ಸ್ಕ್ರಿಪ್ಟ್ ಬರೆದಳು. ಅಂದರೆ, ಕಂಪ್ಯೂಟರು ಒಂದಾದ ಮೇಲೊಂದು ಮಾಡಬೇಕಾದ ಕೆಲಸಗಳ ಪಟ್ಟಿ. ಕಲಿತದ್ದು ಅಂತರ್ಜಾಲದಿಂದ ಮುದ್ರಿಸಿಕೊಂಡ ಹನ್ನೆರಡು ಹಾಳೆಗಳಿಂದ. ಅವಳು ಓದಿದ್ದು ಒಂಬತ್ತು.

ಸೋಮವಾರ ಬೆಳಿಗ್ಗೆ ಮೊದಲ ಸಲ ಓಡಿಸಿದಳು. ಪರದೆ ತುಂಬ ತಕರಾರು. ‘ಬಾವಿ’ಗೂ ‘ಮರ’ಕ್ಕೂ ನಡುವೆ ಜಾಗ ಬಿಟ್ಟಿದ್ದರಿಂದ ಕಂಪ್ಯೂಟರು ಅದನ್ನು ಎರಡು ಫೈಲುಗಳೆಂದು ತಿಳಿಯಿತು. ‘ಬಾವಿ’ ಎಂಬುದು ಇಲ್ಲ, ‘ಮರ’ ಎಂಬುದೂ ಇಲ್ಲ ಎಂದು ಆರುನೂರ ಎಂಟು ಫೋಟೊಗಳಿಗೂ ಹೇಳಿತು. ಹೇಳಿತೇ ಹೊರತು ಯಾವುದನ್ನೂ ಮುಟ್ಟಲಿಲ್ಲ. ಅವಳು ಹಾಳೆ ನೋಡಿ ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ ಮತ್ತೆ ಓಡಿಸಿದಳು.

ಈ ಸಲ ಕಂಪ್ಯೂಟರು ಒಂದು ಮಾತೂ ಆಡಲಿಲ್ಲ. ಕೆಲಸ ಆಯಿತೆಂದು ಅವಳು ತಿಳಿದಳು. ತೆರೆದು ನೋಡಿದರೆ ಒಂದು ಫೋಲ್ಡರೂ ಇಲ್ಲ. ಇದ್ದದ್ದು ಮೂವತ್ತೆಂಟು ಫೋಟೊ.

ಓದದೆ ಬಿಟ್ಟ ಮೂರು ಹಾಳೆಗಳನ್ನು ಆಗ ಓದಿದಳು. ಫೋಲ್ಡರುಗಳನ್ನು ಮೊದಲೇ ಮಾಡಿಟ್ಟಿರಬೇಕಿತ್ತು. ‘ಬಾವಿ ಮರ’ ಎಂಬ ಫೋಲ್ಡರ್ ಸಿಗದಿದ್ದಾಗ ಕಂಪ್ಯೂಟರು ಫೋಟೊಗೇ ‘ಬಾವಿ ಮರ’ ಎಂದು ಹೆಸರಿಟ್ಟಿತ್ತು. ಎರಡನೆಯ ಫೋಟೊಗೂ ಅದೇ ಹೆಸರಿಟ್ಟು ಮೊದಲನೆಯದನ್ನು ಅಳಿಸಿತ್ತು. ಹೀಗೆ ಪ್ರತಿ ಮರಕ್ಕೂ ಹದಿನಾರರಲ್ಲಿ ಹದಿನೈದು ಹೋಗಿ ಕೊನೆಯದೊಂದು ಉಳಿದಿತ್ತು. ಕ್ಯಾಮೆರಾದಲ್ಲಿದ್ದವನ್ನು ಅವಳೇ ಆಗಿಂದಾಗ್ಗೆ ಖಾಲಿ ಮಾಡುತ್ತಿದ್ದಳು. ಬೇರೆ ಪ್ರತಿ ಇರಲಿಲ್ಲ.

ಹತ್ತು ನಿಮಿಷದೊಳಗೆ ಹೋಗಿ ಯಜಮಾನರಿಗೆ ಹೇಳಿದಳು.

“ಏನು ಬರ್ದೆ ಅಂದೆ?” ಶಂಭುಲಿಂಗಯ್ಯ ಕೇಳಿದರು.

“ಶೆಲ್ ಸ್ಕ್ರಿಪ್ಟು.”

“ಶೆಲ್ಲು ಅಂದ್ರೆ ಚಿಪ್ಪು ತಾನೆ?”

“ಹೌದು.”

“ಸರಿಯಾಗೇ ಕೈಗೆ ಚಿಪ್ಪು ಕೊಟ್ಟೈತೆ ಬುಡು.”

ಫೋಟೊ ತೆಗೆದಾಗಲೆಲ್ಲ ತೋಟದವರಿಗೆ ಒಂದು ಪ್ರತಿಯನ್ನು ವಾಟ್ಸಾಪಿನಲ್ಲಿ ಕಳಿಸುವ ರೂಢಿಯಿತ್ತು. ನಿರ್ಮಲಾಳ ಫೋನು ಹೋದ ತಿಂಗಳು ಬಾವಿಗೆ ಬಿದ್ದಿತ್ತು, ಅವಳ ಕಡೆ ಏನೂ ಉಳಿದಿರಲಿಲ್ಲ. ತೋಟದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಅರಳಗುಪ್ಪೆಯ ಲಕ್ಷ್ಮಿದೇವಮ್ಮನ ತೋಟದಲ್ಲೇ ಒಂಬತ್ತು ತಾಯಿಮರ.

“ಅಳ್ಸೋದು ಹೆಂಗೆ ಅಂತ ನಂಗೆ ಗೊತ್ತಿಲ್ಲ ಕಣಮ್ಮ,” ಎಂದಳು ಲಕ್ಷ್ಮಿದೇವಮ್ಮ. “ಎಲ್ಲಾ ಅಲ್ಲೇ ಬಿದ್ದವೆ. ನೀನು ಕಳ್ಸಿದ್ದೂ ಇವೆ, ನಮ್ಮ ಬೀಗಿತಿ ಕಳ್ಸಿದ್ ಗುಡ್ ಮಾರ್ನಿಂಗೂ ಇವೆ. ಬಂದು ಆರಿಸ್ಕೊಂಡು ಹೋಗು.”

ಮಂಗಳವಾರವೆಲ್ಲ ಅದೇ ಆಯಿತು. ಬಂದ ಫೋಟೊಗಳಿಗೆ ತಾರೀಖಿತ್ತು, ಮರದ ಹೆಸರಿರಲಿಲ್ಲ. ಬುಧವಾರ ಸಣ್ಣತಿಮ್ಮಯ್ಯನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಅರವತ್ತಮೂರು ವರ್ಷದ ಅವನು ಕುರ್ಚಿಯ ತುದಿಯಲ್ಲಿ ಕೂತು, ಪರದೆಯಿಂದ ಒಂದು ಗೇಣು ದೂರದಲ್ಲಿ ಮುಖವಿಟ್ಟು ಹೇಳುತ್ತ ಹೋದ.

“ಇದು ಬಾವಿ ಮರ. ಇದೂ ಬಾವಿ ಮರವೇ, ಗೊನೆ ಇಳ್ಸಿದ ಮೇಲಿಂದು. ಇದು ಕಲ್ಲುಬಾರೆ ಮರ. ಇದು ಮರ ಅಲ್ಲ ಕಣವ್ವ, ತೋಟದ ಬಸವರಾಜಪ್ಪನೋರ ಮೊಮ್ಮಗ.”

ಅವನು ಹೇಳಿದಂತೆ ಅವಳು ಹೆಸರು ಬರೆದಳು. ಮೊದಲು ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿದಳು. ಸ್ಕ್ರಿಪ್ಟನ್ನು ತಿದ್ದಿದಳು: ಫೋಲ್ಡರ್ ಇಲ್ಲದಿದ್ದರೆ ಮೊದಲು ಮಾಡು, ಅದೇ ಹೆಸರಿನ ಫೋಟೊ ಅಲ್ಲಿದ್ದರೆ ಮುಟ್ಟಬೇಡ. ಓಡಿಸುವ ಮುಂಚೆ, ಯಾವುದನ್ನೂ ಸಾಗಿಸದೆ ಯಾವುದು ಎಲ್ಲಿಗೆ ಹೋಗುತ್ತದೆಂದು ಬರೀ ಬರೆದು ತೋರಿಸುವಂತೆ ಮಾಡಿ, ಆ ಪಟ್ಟಿಯನ್ನು ಸಾಲು ಸಾಲಾಗಿ ಓದಿದಳು.

“ಇಷ್ಟೊತ್ತು ಏನವ್ವ ಓದ್ತೀಯ?”

“ಸುಮ್ನಿದ್ದಾಗ್ಲೆ ಜಾಸ್ತಿ ಹಾಳು ಮಾಡುತ್ತೆ ತಿಮ್ಮಯ್ಯ, ಇದು.”

ಓದಿ ಮುಗಿಸಿ ಸ್ಕ್ರಿಪ್ಟ್ ಓಡಿಸಿದಳು. ಮೂವತ್ತಾರು ಮರಗಳಿಗೆ ಸಾಕಾಗುವಷ್ಟು ಫೋಟೊ ಸೇರಿತ್ತು. ಎರಡಕ್ಕೆ ಸೇರಲಿಲ್ಲ, ಅತ್ತೆ ಮರ ಮತ್ತು ಸೊಟ್ಟ ಮರ. ಎರಡೂ ಶಂಭುಲಿಂಗಯ್ಯನವರ ಸ್ವಂತ ತೋಟದವು. ಅವರು ಫೋನಿನಲ್ಲಿ ಜಾಗ ಉಳಿಯಲೆಂದು ಬಂದದ್ದನ್ನೆಲ್ಲ ಅಂದಂದೇ ಅಳಿಸುತ್ತಿದ್ದರು.

“ಬೇರೆ ಯಾವ್ದಾದ್ರೂ ಮರದ್ದು ಹಾಕ್ಬುಡು ನಿರ್ಮಲಮ್ಮ,” ಎಂದರು. “ತೆಂಗಿನ ಮರಕ್ಕೇನು ಮುಖ ಐತಾ?”

“ಐತೆ ಯಜಮಾನ್ರೆ,” ಎಂದ ಸಣ್ಣತಿಮ್ಮಯ್ಯ. “ಇಷ್ಟೊತ್ತು ಏನು ನೋಡ್ದೆ ನಾನು?”

ನಿರ್ಮಲಾ ಹಾಕಲಿಲ್ಲ. ಆ ಎರಡು ಫೋಲ್ಡರುಗಳಲ್ಲಿ ಉಳಿದ ಒಂದೊಂದು ಫೋಟೊದ ಜೊತೆ ಒಂದು ಟಿಪ್ಪಣಿ ಇಟ್ಟಳು: ಹಿಂದಿನ ಫೋಟೊಗಳು ಅಳಿಸಿಹೋಗಿವೆ, ತಪ್ಪು ನನ್ನದು.

ಗುರುವಾರ ಒಕ್ಕೂಟದ ಮಹಾಂತೇಶ್ ಬಂದು ಒಂದೊಂದೇ ಫೋಲ್ಡರ್ ತೆರೆದು ನೋಡಿದರು. ಟಿಪ್ಪಣಿ ಬಂದಾಗ ಕನ್ನಡಕ ತೆಗೆದರು.

“ಹಿಂಗೆ ಯಾರೂ ಬರೆಯಲ್ಲ ಮೇಡಂ. ‘ತಾಂತ್ರಿಕ ಕಾರಣ’ ಅಂತ ಬರೀತಾರೆ.”

“ತಾಂತ್ರಿಕವಾಗಿ ಏನೂ ಕೆಟ್ಟಿರ್ಲಿಲ್ಲ ಸಾರ್. ನಾನು ಹೇಳಿದ್ದನ್ನೇ ಮಾಡ್ತು.”

ಅವರು ಮೂವತ್ತಾರಕ್ಕೆ ಮೊಹರು ಹಾಕಿದರು. ಎರಡನ್ನು ಪಟ್ಟಿಯಿಂದ ಹೊಡೆದುಹಾಕಿದರು. ನಾಲ್ಕು ವರ್ಷದ ಫೋಟೊ ಮತ್ತೆ ತುಂಬುವವರೆಗೆ ಆ ಎರಡು ಮರಗಳ ಕಾಯಿ ಬಿತ್ತನೆಗಿಲ್ಲ ಎಂದರು.

ಮಧ್ಯಾಹ್ನ ಸಣ್ಣತಿಮ್ಮಯ್ಯ ಆ ಎರಡು ರಾಶಿಗಳನ್ನು ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹೊತ್ತುಹಾಕಿದ. ಶಂಭುಲಿಂಗಯ್ಯ ಕೆಳಗೆ ನಿಂತು ನೋಡಿದರು.

“ಇನ್ಮೇಲೆ ನೀನು ಕಳ್ಸಿದ್ದು ಅಳ್ಸಲ್ಲ ಬುಡು,” ಎಂದರು.

“ಅಳ್ಸಿ ಯಜಮಾನ್ರೆ, ಪರ್ವಾಗಿಲ್ಲ. ಮೂರು ಕಡೆ ಇಟ್ಟಿದ್ದೀನಿ.”

ಉಳಿದಿದ್ದ ಫೋಟೊ ತೆಗೆದು ಆ ವಾರಕ್ಕೆ ಮೂರು ತಿಂಗಳು ತುಂಬಿತ್ತು. ಬಿಸಿಲು ಇಳಿಯುವ ಮುಂಚೆ ನಿರ್ಮಲಾ ಯಜಮಾನರ ತೋಟಕ್ಕೆ ಹೋಗಿ ಅತ್ತೆ ಮರದ ಎರಡನೆಯ ಫೋಟೊ ತೆಗೆದಳು. ಹದಿನಾರಕ್ಕೆ ಇನ್ನು ಹದಿನಾಲ್ಕು ಬಾಕಿ.